ಒದ್ದೆ ರನ್‌ವೇ, ಹತ್ತು ಬೆರಳು

“ಗುರುಗಳೇ, ಎದುರಿನವರಿಗೆ ನೋವಾಗದ ಹಾಗೆ ‘ಇಲ್ಲ’ ಎನ್ನುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಅವನ ಗೆಳೆಯನೊಬ್ಬ ಕೆಲಸ ಬಿಟ್ಟು ಮಠ ಸೇರಲು ಹೊರಟಿದ್ದ. ಮಠ ಅವನನ್ನು ಬೇಡವೆಂದಿತ್ತು. ಅದನ್ನು ತಿಳಿಸುವ ಹೊಣೆ ಶಿಷ್ಯನದು. ಎಂಟು ದಿನದಿಂದ ಅವನು ಮೆದುವಾದ ಮಾತು ಹುಡುಕುತ್ತಿದ್ದ. ನಾಳೆ ಗೆಳೆಯ ರಾಜೀನಾಮೆ ಕೊಡುವವನಿದ್ದ.

ಗುರುಗಳು ಕತೆ ಹೇಳಿದರು.

ಒಬ್ಬ ಯುದ್ಧವಿಮಾನದ ಪೈಲಟ್ ಇದ್ದ. ಅವನು ವಿಮಾನ ಇಳಿಸಿದರೆ ನೆಲಕ್ಕೇ ಗೊತ್ತಾಗುತ್ತಿರಲಿಲ್ಲ. ಆ ವಾಯುನೆಲೆಯಲ್ಲಿ ಒಂದು ಪದ್ಧತಿ. ರನ್‌ವೇ ಪಕ್ಕ ನಿಂತ ಮೆಕ್ಯಾನಿಕ್‌ಗಳು ಇಳಿಯುವ ಪ್ರತಿ ವಿಮಾನಕ್ಕೂ ಬೆರಳೆತ್ತಿ ಅಂಕ ಕೊಡುತ್ತಿದ್ದರು. ಬೇರೆಯವರಿಗೆ ಆರು, ಏಳು. ಇವನಿಗೆ ಯಾವಾಗಲೂ ಹತ್ತು. ಪದಕವಾಗಿದ್ದರೆ ಪೆಟ್ಟಿಗೆಯಲ್ಲಿ ಇಟ್ಟು ಮರೆಯಬಹುದಿತ್ತು. ಇದನ್ನು ದಿನವೂ ಗಳಿಸಬೇಕಿತ್ತು.

ಒಂದು ಮಧ್ಯಾಹ್ನ ಅವನು ಮರಳುವ ಹೊತ್ತಿಗೆ ಮಳೆ ಹೊಯ್ದು ನಿಂತಿತ್ತು. ಇನ್ನೊಂದು ಸುತ್ತು ಹಾಕುವಷ್ಟು ಇಂಧನವಿರಲಿಲ್ಲ. ಒದ್ದೆ ರನ್‌ವೇಗೆ ವಿಮಾನವನ್ನು ಗುದ್ದಿ ಇಳಿಸಬೇಕು. ಗುದ್ದಿದರೆ ಚಕ್ರ ನೀರನ್ನು ಸೀಳಿ ನೆಲ ಹಿಡಿಯುತ್ತದೆ. ಮೆಲ್ಲಗೆ ಇಳಿಸಿದರೆ ನೀರಿನ ಮೇಲೆಯೇ ಜಾರುತ್ತದೆ. ಇದು ಅವನಿಗೆ ಗೊತ್ತಿತ್ತು. ಹೊಸಬರಿಗೆ ಈ ಪಾಠ ಹೇಳುತ್ತಿದ್ದವನೇ ಅವನು.

ಹಿಂದಿನ ಸೀಟಿನಲ್ಲಿ ಅವನ ಗೆಳೆಯನಿದ್ದ. “ಇವತ್ತು ನಾಜೂಕು ಬೇಡ ಮಾರಾಯ, ಗುದ್ದಿಬಿಡು” ಎಂದ.

“ನೀನು ಸುಮ್ಮನೆ ಕೂತಿರು. ತೊಡೆಯ ಮೇಲೆ ಚಹಾ ಇಟ್ಟುಕೊಂಡರೂ ತುಳುಕುವುದಿಲ್ಲ.”

ನೆಲ ಹತ್ತಿರವಾಯಿತು. ರೇನ್‌ಕೋಟ್ ತೊಟ್ಟ ಮೆಕ್ಯಾನಿಕ್‌ಗಳ ಸಾಲು ಕಂಡಿತು. ಪೈಲಟ್‌ನ ಕೈ ಸ್ಟಿಕ್ಕನ್ನು ಒಂದಿಷ್ಟು ಹಿಂದಕ್ಕೆ ಎಳೆಯಿತು. ವಿಮಾನ ನೆಲ ಮುಟ್ಟದೆ ತೇಲಿತು. ರನ್‌ವೇ ಇನ್ನೆಷ್ಟು ಸಾವಿರ ಅಡಿ ಉಳಿದಿದೆ ಎಂದು ತೋರಿಸುವ ಫಲಕಗಳು ಪಕ್ಕದಲ್ಲಿ ಓಡಿದವು. ಆರು. ಐದು. ನಾಲ್ಕು.

“ಇಳಿಸು” ಎಂದ ಹಿಂದಿನವನು.

“ಇಳಿಯುತ್ತಿದೆ.”

ಮೂರರ ಫಲಕದ ಬಳಿ ಚಕ್ರ ನೆಲ ಸೋಕಿತು. ಅಷ್ಟು ನಯವಾಗಿ ಅವನು ಎಂದೂ ಇಳಿಸಿರಲಿಲ್ಲ. ಮೆಕ್ಯಾನಿಕ್‌ಗಳು ಹತ್ತೂ ಬೆರಳು ಎತ್ತಿದರು. ಅವನು ಬ್ರೇಕ್ ಒತ್ತಿದ. ವಿಮಾನ ಅದನ್ನು ಕೇಳಿಸಿಕೊಳ್ಳಲಿಲ್ಲ. ಬಾಲದ ಪ್ಯಾರಾಚೂಟ್ ಬಿಚ್ಚಿಕೊಂಡಿತು, ಆದರೆ ಅದು ಹಿಡಿದೆಳೆಯುವಷ್ಟು ದಾರಿ ಉಳಿದಿರಲಿಲ್ಲ. ವಿಮಾನ ತಡೆಯಲೆಂದು ತುದಿಗೆ ಕಟ್ಟಿದ್ದ ಬಲೆಯನ್ನು ಹರಿದುಕೊಂಡು ವಿಮಾನ ಆಚೆಯ ಹಳ್ಳಕ್ಕೆ ಬಿತ್ತು. ಎತ್ತಿದ ಬೆರಳು ಇಳಿಸಲು ಮೆಕ್ಯಾನಿಕ್‌ಗಳಿಗೆ ನೆನಪಾಗಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಕೇಳಿದ: “ಪೈಲಟ್‌ಗೆ ಏನಾಯಿತು?”

“ಅವನಿಗೇನೂ ಆಗಲಿಲ್ಲ, ಬೆನ್ನು ಮುರಿದದ್ದು ಹಿಂದಿನ ಸೀಟಿನವನಿಗೆ” ಎಂದರು ಗುರುಗಳು.