ಹದಿಮೂರು ವಡೆ

ಎರಡು ಕಾಗೆಗಳಿಗೆ ಬಾಳೆಲೆಯ ಮೇಲೆ ಹದಿನಾಲ್ಕು ವಡೆ ಸಿಕ್ಕವು. ಹಂಚಿಕೊಡಲು ನರಿ ಮುಂದೆ ಬಂತು. ವಡೆ ಮುರಿಯಬಾರದು, ಎಲ್ಲರಿಗೂ ಸಮಪಾಲು, ಮಿಕ್ಕಿದ್ದು ಹಂಚಿದವರಿಗೆ ಎಂಬುದು ಅದರ ಷರತ್ತು.

“ಉಪ್ಪು ಸರಿಯಿದೆಯೋ ನೋಡೋಣ” ಎಂದು ನರಿ ಒಂದನ್ನು ಬಾಯಿಗೆ ಹಾಕಿಕೊಂಡಿತು. ಉಳಿದದ್ದು ಹದಿಮೂರು. ಅದು ಅವಿಭಾಜ್ಯ ಸಂಖ್ಯೆಯೆಂದು ನರಿಗೆ ಗೊತ್ತಿತ್ತು. ಇಬ್ಬರಿಗೆ ಹಂಚಿದರೆ ಒಂದು ಮಿಗುತ್ತದೆ, ಏಳು ಜನರಿಗಾದರೆ ಆರು!

“ಬಂಧುಬಳಗವನ್ನು ಬಿಟ್ಟು ತಿನ್ನುವುದು ನಿಮ್ಮ ಕುಲಕ್ಕೆ ಶೋಭೆಯೇ? ಕರೆಯಿರಿ” ಎಂದಿತು.

ಕಾಗೆಗಳು ಕೂಗಿದವು. ಬಳಗ ಹಾರಿಬಂತು. ಎಣಿಸಿದರೆ ಒಟ್ಟು ಹದಿಮೂರು ಕಾಗೆ. ತಲೆಗೊಂದು ವಡೆ, ಮಿಕ್ಕಿದ್ದು ಸೊನ್ನೆ.

“ಹದಿಮೂರನ್ನು ಯಾರೂ ಸಮನಾಗಿ ಹಂಚಿಕೊಳ್ಳಲಾರರು!” ಎಂದು ನರಿ ಹೌಹಾರಿತು.

“ಹದಿಮೂರು ಜನ ಹಂಚಿಕೊಳ್ಳಬಹುದು, ಸ್ವಾಮಿ” ಎಂದಿತು ಒಂದು ಮುದಿ ಕಾಗೆ.

ನರಿ ಮತ್ತೆ ಲೆಕ್ಕ ಹಾಕಿತು. ಇನ್ನೊಂದೇ ಒಂದು ಕಾಗೆ ಬಂದರೆ ತಲೆಗೊಂದು ಸಾಲದು, ಹದಿಮೂರೂ ಮಿಕ್ಕು ತನಗೇ! ಆಕಾಶಕ್ಕೆ ಮುಖವೆತ್ತಿ, ಕಣ್ಣು ಮುಚ್ಚಿ, ತಾನೇ “ಕಾ, ಕಾ” ಎಂದು ಕೂಗತೊಡಗಿತು.

ಗಂಟಲು ಕಟ್ಟಿ ಕಣ್ಣು ಬಿಟ್ಟಾಗ ಕಾಗೆಗಳಿರಲಿಲ್ಲ. ಬಾಳೆಲೆಯ ಮೇಲೆ ಎಣ್ಣೆಯ ಕಲೆಯೊಂದು ಮಿಕ್ಕಿತ್ತು. ಷರತ್ತಿನಂತೆ ಅದು ನರಿಗೇ ಸೇರಿತು.