ಎಡಸುತ್ತಿನ ಬಳ್ಳಿ

ಬೆಟ್ಟದ ಮೇಲಿನ ತನ್ನ ತೋಟದಲ್ಲಿ ಚೋಂದಮ್ಮ ಚಳಿಗೆ ಜಗ್ಗದ ವಿಸ್ಟೀರಿಯಾ ಹೂಬಳ್ಳಿಯೊಂದನ್ನು ನೆಟ್ಟಳು. ದೇವರಿಗೆ ಪ್ರದಕ್ಷಿಣೆ ಹಾಕುವ ಹಾಗೆ ಅದನ್ನು ಮರದ ಕಂಬಕ್ಕೆ ಬಲಸುತ್ತು ಸುತ್ತಿ, ಬಾಳೆನಾರಿನಿಂದ ಕಟ್ಟಿದಳು. ಬಳ್ಳಿಯ ಹುಟ್ಟುಗುಣವೇ ಎಡಸುತ್ತು. ಅದು ನಾರಿನಿಂದ ಬಿಡಿಸಿಕೊಂಡು ಎಡಕ್ಕೇ ಹೊರಳಿತು. ಅವಳು ಮತ್ತೆ ಕಟ್ಟಿದಳು, ಅದು ಮತ್ತೆ ಬಿಡಿಸಿಕೊಂಡಿತು.

“ಅಪ್ರದಕ್ಷಿಣೆ ಬರುವವರನ್ನು ನಾನು ಮೈಮೇಲೆ ಹತ್ತಿಸಿಕೊಳ್ಳುವುದಿಲ್ಲ,” ಎಂದಿತು ಕಂಬ. “ಅಮ್ಮ ಸುತ್ತಿದ ಹಾಗೆ ಇರಲು ನಿನಗೇನು ಕಷ್ಟ?”

“ಹಾಗಿದ್ದರೆ ನನ್ನನ್ನು ನಾರು ಹಿಡಿದಿರುತ್ತದೆ,” ಎಂದಿತು ಬಳ್ಳಿ. “ಹೀಗೆ ಬಂದರೆ ನಾನೇ ನಿನ್ನನ್ನು ಹಿಡಿದಿರುತ್ತೇನೆ.”

“ನನ್ನನ್ನು ಯಾರೂ ಹಿಡಿಯಬೇಕಾಗಿಲ್ಲ.”

ಆರು ಚಳಿಗಾಲ ಕಳೆದವು. ಪ್ರತಿ ಸಲವೂ ಎಲೆಯೆಲ್ಲ ಉದುರಿದರೂ ಬಳ್ಳಿ ಹಿಡಿತ ಸಡಿಲಿಸಲಿಲ್ಲ. ನಾರು ಕೊಳೆತುಹೋಯಿತು, ಚೋಂದಮ್ಮ ಕಟ್ಟುವುದನ್ನೇ ಬಿಟ್ಟಳು. ಏಳನೆಯ ವಸಂತದಲ್ಲಿ ಮೊದಲ ನೇರಳೆ ಗೊಂಚಲುಗಳು ತೂಗುತ್ತಿದ್ದಾಗ ಬಿರುಗಾಳಿ ಎದ್ದಿತು. ಗೆದ್ದಲು ತಿಂದಿದ್ದ ಕಂಬ ಬುಡದಲ್ಲಿ ಲಟಕ್ಕನೆ ಮುರಿಯಿತು. ಮಣಿಕಟ್ಟಿನಷ್ಟು ದಪ್ಪವಾಗಿದ್ದ ಬಳ್ಳಿ ಅದನ್ನು ನೆಲಕ್ಕೆ ಬೀಳಗೊಡಲಿಲ್ಲ.

“ಬಿಡಬೇಡ, ಇನ್ನೊಂದು ಸುತ್ತು ಬಾ,” ಎಂದಿತು ಕಂಬ, ಎಡವೋ ಬಲವೋ ಎನ್ನದೆ.