ಗುಂಡುಸೂಜಿ ಮತ್ತು ಕಾದ ಅಯಸ್ಕಾಂತ

ದರ್ಜಿ ಚಂಪಕ್ಕನ ಅಂಗಡಿಯಲ್ಲಿ ಒಂದು ಕರಿ ಅಯಸ್ಕಾಂತವಿತ್ತು. ಹೊಲಿದ ಪ್ರತಿ ಬಟ್ಟೆಯ ಮೇಲೂ ಅವಳು ಅದನ್ನು ಆಡಿಸುತ್ತಿದ್ದಳು, ಯಾಕೆಂದರೆ ಒಳಗೆ ಗುಂಡುಸೂಜಿ ಉಳಿದಿದ್ದರೆ ಅಯಸ್ಕಾಂತ ಅದನ್ನು ಎಳೆದು ತೆಗೆಯುತ್ತಿತ್ತು. ಒಂದು ದಿನ ಅಯಸ್ಕಾಂತ ಕೆಂಡದ ಇಸ್ತ್ರಿಪೆಟ್ಟಿಗೆಗೆ ಒರಗಿ ಕೂತು ಚೆನ್ನಾಗಿ ಕಾದಿತ್ತು. ಕಾದರೆ ಅಯಸ್ಕಾಂತದ ಸೆಳೆತ ಕುಗ್ಗುತ್ತದೆ. ಆಗಲೇ ಚಂಪಕ್ಕ ಅದನ್ನು ಬಟ್ಟೆಯ ಚೂರಿನಲ್ಲಿ ಹಿಡಿದು, ಒಂದು ಕೂಸಿನ ಅಂಗಿಯ ಮೇಲೆ ಆಡಿಸಿದಳು.

"ಅಣ್ಣಾ, ಅಂಗಿಯ ಮಡಿಕೆಯೊಳಗಿದ್ದೇನೆ, ಎಳೆದುಕೋ!" ಎಂದಿತು ಗುಂಡುಸೂಜಿ.

ಅಯಸ್ಕಾಂತಕ್ಕೆ ಎಳೆಯಲು ಆಗಲಿಲ್ಲ. ಆಗದು ಎನ್ನಲು ನಾಚಿಕೆ. "ನಿನಗೇ ಬರುವ ಮನಸ್ಸಿಲ್ಲ, ಸೋಮಾರಿ!" ಎಂದು ಅಯಸ್ಕಾಂತ ಗದರಿತು.

"ನನ್ನನ್ನು ಬೈದುಕೋ, ಆದರೆ ಕೂಸಿಗೆ ಚುಚ್ಚುತ್ತೇನಲ್ಲ!"

ಚಂಪಕ್ಕ ಅಂಗಿಯನ್ನು ಚೀಲಕ್ಕೆ ಹಾಕತೊಡಗಿದಳು. "ಅಕ್ಕಾ, ತಡೆ! ಸೂಜಿ ಒಳಗೇ ಇದೆ. ನಾನು ಕಾದುಬಿಟ್ಟಿದ್ದೇನೆ, ನನ್ನ ಕೈಲಿ ಎಳೆಯಲು ಆಗಲಿಲ್ಲ," ಎಂದು ಅಯಸ್ಕಾಂತ ಪಕ್ಕದ ಡಬ್ಬಿಯ ಸೂಜಿಗಳೆಲ್ಲ ಕೇಳುವಂತೆ ಒಪ್ಪಿಕೊಂಡಿತು.

"ಮೊದಲೇ ಹೇಳಬಾರದಿತ್ತೇನೋ?" ಎಂದು ಚಂಪಕ್ಕ ಅದನ್ನು ಆರಲು ಇಟ್ಟಳು. ಆರಿದ ಮೇಲೆ ಸೆಳೆತ ಮರಳಿತು. ಅಂಗಿಯ ಮೇಲೆ ಮತ್ತೆ ಆಡಿಸಿದಾಗ ಗುಂಡುಸೂಜಿ ಟಕ್ಕನೆ ಬಂದು ಅಂಟಿಕೊಂಡಿತು.

"ನೋಡಿದೆಯಾ ಅಣ್ಣಾ, ಬರುವ ಮನಸ್ಸಿತ್ತು," ಎಂದಿತು.

ಅಯಸ್ಕಾಂತಕ್ಕೆ ಅದನ್ನು ಬಿಡಲೂ ಆಗಲಿಲ್ಲ, ಅದರ ಮುಖ ನೋಡಲೂ ಆಗಲಿಲ್ಲ.